ನಾಲ್ವರು, ನಲವತ್ತು ಗಾಬ್ಲಿನ್‌ಗಳು ಮತ್ತು ಒಂದು ಅಗಸಿ

‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಆಟದ ಬಗ್ಗೆ ಈ ತಿಂಗಳು ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ಗೋಳನ್ನು ತೋಡಿಕೊಂಡಿವೆ: ವೈರಿಗಳು ಬಹಳ, ನಾವು ಕೆಲವರೇ, ಏನು ಮಾಡುವುದು? ಆಟವನ್ನು ಕಂಡಿರದ ಓದುಗರಿಗಾಗಿ ಎರಡು ಮಾತು. 1974ರಲ್ಲಿ ಅಮೆರಿಕದ ಗ್ಯಾರಿ ಗೈಗ್ಯಾಕ್ಸ್ ಮತ್ತು ಡೇವ್ ಆರ್ನೆಸನ್ ಹೊರತಂದ ಈ ಆಟದಲ್ಲಿ ಒಬ್ಬರು ಡಂಜನ್ ಮಾಸ್ಟರ್ ಆಗಿ ಕಥೆಯ ಲೋಕವನ್ನೂ ವೈರಿಗಳನ್ನೂ ನಡೆಸುತ್ತಾರೆ, ಉಳಿದವರು ತಲಾ ಒಂದು ಪಾತ್ರವನ್ನು ವಹಿಸುತ್ತಾರೆ, ಮಾಡಿದ ಯತ್ನ ಫಲಿಸಿತೋ ಇಲ್ಲವೋ ಎಂಬುದನ್ನು ಇಪ್ಪತ್ತು ಮುಖದ ದಾಳ ತೀರ್ಮಾನಿಸುತ್ತದೆ. ಕೆಳಗಿನ ಲೆಕ್ಕಗಳೆಲ್ಲ 2014ರ ಐದನೆಯ ಆವೃತ್ತಿಯ ನಿಯಮಗಳನ್ನು ಅನುಸರಿಸಿವೆ.

ಪ್ರಶ್ನೆ: ಮಾನ್ಯರೇ, ನಾವು ನಾಲ್ವರು ಗೆಳೆಯರು ಭಾನುವಾರ ಮಧ್ಯಾಹ್ನ ಆಡುತ್ತೇವೆ. ಒಬ್ಬ ಫೈಟರ್ (ಕಾದಾಳು), ಒಬ್ಬ ರೋಗ್ (ಹೊಂಚುಗಾರ), ಒಬ್ಬ ಕ್ಲೆರಿಕ್ (ದೈವಬಲದ ಪೂಜಾರಿ), ಒಬ್ಬ ವಿಝಾರ್ಡ್ (ಮಂತ್ರವಾದಿ). ಎಲ್ಲರೂ ಮೂರನೆಯ ಲೆವೆಲ್. ನಮ್ಮ ಡಂಜನ್ ಮಾಸ್ಟರ್ ಕಥೆಯ ಊರನ್ನು ನಮ್ಮ ಸೀಮೆಯ ಊರಿನಂತೆಯೇ ಕಟ್ಟಿದ್ದಾರೆ: ಸುತ್ತ ಗೋಡೆ, ಊರಬಾಗಿಲಾಗಿ ಒಂದೇ ಅಗಸಿ, ಕಾವಲಿಗೆ ಬುರುಜಿನಂಥ ಒಂದು ಹುಡೇವು, ನಡುವೆ ದೇಸಾಯರ ವಾಡೆ. ಹೊತ್ತು ಮುಳುಗಿದ ಮೇಲೆ ನಲವತ್ತು ಗಾಬ್ಲಿನ್‌ಗಳು, ಅಂದರೆ ಕುಳ್ಳ ರಕ್ಕಸರು, ಬರಲಿವೆ ಎಂದು ದನ ಕಾಯುವ ಹುಡುಗನೊಬ್ಬ ಸುದ್ದಿ ತಂದಿದ್ದಾನೆ. ಊರಿನಲ್ಲಿ ಇಪ್ಪತ್ತು ಮಂದಿ ಒಕ್ಕಲುಮಕ್ಕಳು ಇದ್ದಾರೆ, ಯಾರಿಗೂ ಆಯುಧ ಹಿಡಿದು ಗೊತ್ತಿಲ್ಲ. ಹಿಂದೊಮ್ಮೆ ಇಂಥದೇ ಕಾಳಗದಲ್ಲಿ ಬಯಲಿಗೆ ಹೋಗಿ ನಿಂತು ಎರಡೇ ಸುತ್ತಿಗೆ ನೆಲ ಕಚ್ಚಿದೆವು. ಈ ಸಲ ಹೇಗೆ ಯೋಜಿಸಬೇಕು?
— ಎಂಜಿನಿಯರಿಂಗ್ ವಿದ್ಯಾರ್ಥಿ, ಟಿಳಕವಾಡಿ, ಬೆಳಗಾವಿ

ಉತ್ತರ: ನಿಮ್ಮೆದುರು ಇರುವುದು ಏನೆಂಬುದನ್ನು ಮೊದಲು ನಿಯಮಪುಸ್ತಕದ ಲೆಕ್ಕದಲ್ಲಿಯೇ ನೋಡಿಬಿಡೋಣ. ಒಂದು ಗಾಬ್ಲಿನ್‌ಗೆ 50 ಅನುಭವದ ಅಂಕ, ನಲವತ್ತಕ್ಕೆ 2,000. ಹದಿನೈದು ಅಥವಾ ಅದಕ್ಕೂ ಹೆಚ್ಚು ವೈರಿಗಳು ಒಟ್ಟಿಗೆ ಬಂದಾಗ ಆ ಮೊತ್ತವನ್ನು ನಾಲ್ಕರಿಂದ ಗುಣಿಸಬೇಕೆಂದು ನಿಯಮವಿದೆ. ಹಾಗೆ 8,000 ಆಯಿತು. ಮೂರನೆಯ ಲೆವೆಲ್‌ನ ನಾಲ್ವರಿಗೆ ಪ್ರಾಣಾಂತಿಕ ಎಂದು ಪುಸ್ತಕ ಗುರುತಿಸುವ ಗಡಿ 1,600. ಅದರ ಐದು ಪಟ್ಟು ನಿಮ್ಮ ಅಗಸಿಯ ಮುಂದೆ ಬಂದು ನಿಲ್ಲಲಿದೆ. ಇಷ್ಟು ತಿಳಿದ ಮೇಲೆ ನಲವತ್ತನ್ನೂ ಕೊಲ್ಲುವ ಆಸೆಯನ್ನು ಬದಿಗಿಟ್ಟು, ಬೆಳಗಾಗುವವರೆಗೆ ಊರು ಉಳಿಯಬೇಕು ಎಂಬ ಒಂದೇ ಗುರಿಯನ್ನು ಇಟ್ಟುಕೊಳ್ಳುವುದು ಲೇಸು.

ನನ್ನ ಮೊದಲ ಇಂಥ ಕಾಳಗದಲ್ಲಿ ನಮ್ಮ ಬಳಿ ಗೊಂಬೆಗಳಿರಲಿಲ್ಲ. ಗ್ರಾಫ್ ಹಾಳೆಯ ಮೇಲೆ ಹುಣಸೆ ಬೀಜಗಳನ್ನು ಗಾಬ್ಲಿನ್‌ಗಳೆಂದು ಹರಡಿ, ಚೌಕಾಬಾರದ ಕಾಯಿಗಳನ್ನು ನಾವೆಂದು ಇಟ್ಟುಕೊಂಡಿದ್ದೆವು. ಒಂದು ಚೌಕವೆಂದರೆ ಐದಡಿ. ಬೀಜಗಳನ್ನು ಒತ್ತಿ ಒತ್ತಿ ಜೋಡಿಸಿದರೂ ಒಂದು ಕಾಯಿಯ ಸುತ್ತ ಎಂಟಕ್ಕಿಂತ ಹೆಚ್ಚು ಹಿಡಿಯಲಿಲ್ಲ. ಉಳಿದವು ಹಿಂದೆ ಸುಮ್ಮನೆ ನಿಂತಿದ್ದವು. ಆಗ ಹೊಳೆದದ್ದನ್ನು ಇಂದಿಗೂ ಬಿಟ್ಟಿಲ್ಲ: ನಲವತ್ತು ಎಂಬ ಸಂಖ್ಯೆ ನಮ್ಮನ್ನು ಕೊಲ್ಲುವುದಿಲ್ಲ, ಒಂದು ಸುತ್ತಿನಲ್ಲಿ ನಮ್ಮ ಮೇಲೆ ಕೈ ಮಾಡಬಲ್ಲವು ಎಷ್ಟು ಎಂಬುದು ಕೊಲ್ಲುತ್ತದೆ.

ನಿಮ್ಮ ಫೈಟರ್‌ನ ಆರ್ಮರ್ ಕ್ಲಾಸ್ (ಪೆಟ್ಟು ತಗಲಲು ವೈರಿ ಮುಟ್ಟಬೇಕಾದ ಅಂಕ) 18, ಹಿಟ್ ಪಾಯಿಂಟ್ (ಅವನು ತಾಳಬಲ್ಲ ಹಾನಿಯ ಅಂಕ) 28 ಎಂದು ಹಿಡಿಯೋಣ. ಸರಪಳಿ ಕವಚ ತೊಟ್ಟು ಗುರಾಣಿ ಹಿಡಿದವನಿಗೆ ಸಾಮಾನ್ಯವಾಗಿ ಇಷ್ಟೇ ಇರುತ್ತದೆ. ಗಾಬ್ಲಿನ್ ತನ್ನ ದಾಳಕ್ಕೆ 4 ಕೂಡಿಸಿಕೊಳ್ಳುವುದರಿಂದ 14 ಅಥವಾ ಅದಕ್ಕೂ ಮೇಲೆ ಬಿದ್ದರೆ ಮಾತ್ರ ಪೆಟ್ಟು ತಗಲುತ್ತದೆ, ಅಂದರೆ ನೂರಕ್ಕೆ 35. ತಗಲಿದ ಪೆಟ್ಟು, ತಪ್ಪಿದ ಪೆಟ್ಟು ಎಲ್ಲ ಸೇರಿಸಿ ಸರಾಸರಿ ತೆಗೆದರೆ ಒಂದು ಗಾಬ್ಲಿನ್ ಒಂದು ಸುತ್ತಿಗೆ 2.1 ಅಂಕ ಕಳೆಯುತ್ತದೆ. ಬಯಲಿನಲ್ಲಿ ಎಂಟು ಸುತ್ತುವರಿದರೆ 16.8, ಎರಡನೆಯ ಸುತ್ತಿಗೆ ಫೈಟರ್ ಮಲಗಿದ. ನಿಮಗೆ ಆದದ್ದು ಇದೇ. ಅದೇ ಫೈಟರ್ ಐದಡಿ ಅಗಲದ ಓಣಿಯಲ್ಲಿ ನಿಂತು ಒಂದೇ ಗಾಬ್ಲಿನ್‌ಗೆ ಮುಖ ಕೊಟ್ಟರೆ ಹದಿಮೂರು ಸುತ್ತು ತಾಳುತ್ತಾನೆ. ಹೊಡೆಯುವುದನ್ನು ಬಿಟ್ಟು ಬರೀ ತಪ್ಪಿಸಿಕೊಳ್ಳುವ ಡಾಡ್ಜ್ ಮಾಡುತ್ತಿದ್ದರೆ ವೈರಿ ಎರಡು ದಾಳ ಎಸೆದು ಕಡಿಮೆಯದನ್ನು ಎಣಿಸಬೇಕಾಗುವುದರಿಂದ 2.1 ಇದ್ದದ್ದು 0.7ಕ್ಕೆ ಇಳಿಯುತ್ತದೆ.

ಈ ಮಾತನ್ನು ಲೆಕ್ಕದ ರೂಪದಲ್ಲಿ ಮೊದಲ ಮಹಾಯುದ್ಧದ ಕಾಲಕ್ಕೆ ಹೇಳಿದವರಲ್ಲಿ ಇಂಗ್ಲೆಂಡಿನ ಎಂಜಿನಿಯರ್ ಫ್ರೆಡರಿಕ್ ಲ್ಯಾಂಚೆಸ್ಟರ್ ಒಬ್ಬರು. ಎಲ್ಲರೂ ಎಲ್ಲರ ಮೇಲೆ ಗುರಿಯಿಟ್ಟು ಹೊಡೆಯಬಲ್ಲ ಕಾಳಗದಲ್ಲಿ ಪಡೆಯ ಬಲವು ಅದರ ಸಂಖ್ಯೆಯ ವರ್ಗದಷ್ಟು ಬೆಳೆಯುತ್ತದೆ ಎಂಬುದು ಅವರ ಸೂತ್ರ. ನಾಲ್ಕರ ವರ್ಗ 16, ನಲವತ್ತರದು 1,600. ಆದರೆ ಆ ನಲವತ್ತು ಐದೈದರ ಎಂಟು ಗುಂಪುಗಳಾಗಿ ಒಂದಾದ ಮೇಲೊಂದು ಬಂದರೆ ಐದರ ವರ್ಗ 25, ಎಂಟು ಗುಂಪಿಗೆ 200 ಮಾತ್ರ. ಒಬ್ಬ ಗಾಬ್ಲಿನ್ನನ್ನೂ ಮುಟ್ಟದೆ ವೈರಿಯ ಬಲವನ್ನು ಎಂಟನೆಯ ಒಂದು ಪಾಲಿಗೆ ಇಳಿಸಿದಂತಾಯಿತು. ಬಾದಾಮಿಯಲ್ಲಿ ಬಡಗಣ ಕೋಟೆಗೆ ಹತ್ತುವಾಗ ಕೆಂಪು ಮರಳುಗಲ್ಲಿನ ಎರಡು ಎತ್ತರದ ಗೋಡೆಗಳ ನಡುವಿನ ಸೀಳಿನಲ್ಲಿ ಮೆಟ್ಟಿಲೇರಿದವರಿಗೆ ಈ ಸೂತ್ರವನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿ ಸಾವಿರ ಜನ ಬಂದರೂ ಮೇಲೆ ನಿಂತವನ ಎದುರಿಗೆ ಬರುವವರು ಒಬ್ಬಿಬ್ಬರೇ.

ಈಗ ನಿಮ್ಮ ಅಗಸಿಗೆ ಬರೋಣ. ಹೊಸ ಆಟಗಾರರೆಲ್ಲ ಮಾಡುವ ತಪ್ಪೆಂದರೆ ಫೈಟರ್‌ನನ್ನು ಬಾಗಿಲಿನ ಹೊಸ್ತಿಲ ಮೇಲೆಯೇ ನಿಲ್ಲಿಸುವುದು. ಹಾಗೆ ನಿಂತರೆ ವೈರಿಯ ಒಬ್ಬನಿಗೆ ನಿಮ್ಮ ಒಬ್ಬ, ಸಮ ಸಮ. ಅದರ ಬದಲು ಅಗಸಿಯ ದೊಡ್ಡ ಕದವನ್ನು ಅಗಳಿ ಹಾಕಿ ಭದ್ರಪಡಿಸಿ, ಅದರಲ್ಲಿರುವ ದಿಡ್ಡಿ ಬಾಗಿಲನ್ನು ಮಾತ್ರ ತೆರೆದಿಡಿ. ನೀವು ಒಂದು ಹೆಜ್ಜೆ ಒಳಗೆ ಸರಿದು, ಆ ಬಾಗಿಲ ಚೌಕಕ್ಕೆ ತಾಗುವ ಮೂರು ಚೌಕಗಳಲ್ಲಿ ನಿಲ್ಲಿ. ನಡುವೆ ಫೈಟರ್, ಎರಡು ಓರೆ ಚೌಕಗಳಲ್ಲಿ ರೋಗ್ ಮತ್ತು ಕ್ಲೆರಿಕ್. ಈಗ ಒಳಗೆ ತಲೆ ಹಾಕುವ ಪ್ರತಿಯೊಂದು ಗಾಬ್ಲಿನ್‌ನ ಮೇಲೂ ಮೂವರು ಬೀಳುತ್ತೀರಿ, ಅದು ಮಾತ್ರ ಒಬ್ಬರ ಮೇಲಷ್ಟೇ ಕೈ ಎತ್ತಬಲ್ಲದು. ಫೈಟರ್ ವೈರಿಯ ಪಕ್ಕದಲ್ಲಿಯೇ ಇರುವುದರಿಂದ ರೋಗ್‌ಗೆ ಪ್ರತಿ ಸುತ್ತಿಗೂ ಸ್ನೀಕ್ ಅಟ್ಯಾಕ್ ಎಂಬ ಹೆಚ್ಚಿನ ಹಾನಿಯ ಪೆಟ್ಟು ದೊರೆಯುತ್ತದೆ. ಗಾಬ್ಲಿನ್‌ಗೆ ಇರುವುದು 7 ಹಿಟ್ ಪಾಯಿಂಟ್ ಆದ್ದರಿಂದ ರೋಗ್‌ನ ಪೆಟ್ಟು ತಗಲಿತೆಂದರೆ ಬಹುಮಟ್ಟಿಗೆ ಅದರ ಕಥೆ ಮುಗಿದಂತೆಯೇ. ಹೊರಗಿನ ಬಿಲ್ಲುಗಾರರಿಗೆ ಬಾಗಿಲ ನೇರಕ್ಕೆ ಕಾಣುವವನು ಫೈಟರ್ ಒಬ್ಬನೇ, ಅವನಿಗೂ ಬಾಗಿಲಲ್ಲಿ ನಿಂತ ಗಾಬ್ಲಿನ್ನೇ ಅರೆಮರೆಯಾಗಿ ಆರ್ಮರ್ ಕ್ಲಾಸ್ 20 ಆಗುತ್ತದೆ.

ದಿಡ್ಡಿಯನ್ನೂ ಯಾಕೆ ಮುಚ್ಚಬಾರದು ಎಂದು ನೀವು ಕೇಳಬಹುದು. ಎಲ್ಲವನ್ನೂ ಮುಚ್ಚಿದರೆ ಗಾಬ್ಲಿನ್‌ಗಳು ಗೋಡೆ ಹತ್ತುತ್ತವೆ, ಮಾಳಿಗೆಯಿಂದ ಮಾಳಿಗೆಗೆ ಹಾರುತ್ತವೆ, ಬೆಳಕಿಂಡಿಯಿಂದ ಇಳಿಯುತ್ತವೆ. ಆಗ ನಿಮ್ಮ ನಾಲ್ವರು ಊರ ತುಂಬ ಚೆದುರಿಹೋಗಬೇಕಾಗುತ್ತದೆ. ಬರುವವರಿಗೆ ಒಂದು ಸುಲಭದ ದಾರಿ ಕಾಣಬೇಕು, ಅದು ನೀವು ಆರಿಸಿದ ದಾರಿಯೇ ಆಗಿರಬೇಕು.

ವಿಝಾರ್ಡ್‌ನನ್ನು ಅಗಸಿಯ ಮೇಲಿನ ಕೋಣೆಯ ಕಿಂಡಿಯ ಹಿಂದೆ ಕೂರಿಸಿ. ಬಾಣದ ಕಿಂಡಿಯ ಹಿಂದಿರುವವನಿಗೆ ಮುಕ್ಕಾಲು ಮರೆ, ಆರ್ಮರ್ ಕ್ಲಾಸ್‌ಗೆ 5 ಕೂಡುತ್ತದೆ. ಅವನ ಎರಡನೆಯ ಲೆವೆಲ್ ಮಂತ್ರಗಳು ಎರಡೇ ಆದ್ದರಿಂದ ಎರಡನ್ನೂ ವೆಬ್‌ಗೆ ಮೀಸಲಿಡಿ. ಇಪ್ಪತ್ತಡಿ ಉದ್ದಗಲದ ಈ ಬಲೆಗೆ ಎರಡು ಗಟ್ಟಿ ಆಸರೆಗಳು ಬೇಕು, ಇಲ್ಲದಿದ್ದರೆ ಕುಸಿದುಬೀಳುತ್ತದೆ. ಅಗಸಿಯ ಎರಡು ಬದಿಯ ಬುರುಜುಗಳು ಇದಕ್ಕೆಂದೇ ಕಟ್ಟಿದಂತಿವೆ. ಬಲೆಗೆ ಕಾಲಿಟ್ಟ ಗಾಬ್ಲಿನ್‌ಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಸಿಕ್ಕಿಬೀಳುತ್ತವೆ, ಉಳಿದರ್ಧ ಅರ್ಧ ವೇಗದಲ್ಲಿ ತೆವಳುತ್ತವೆ. ನಲವತ್ತು ಐದೈದಾಗಿ ಒಡೆಯುವುದು ಹೀಗೆ. ಗೋಡೆಯ ಬುಡಕ್ಕೆ ಜಾಲಿ ಮುಳ್ಳು ಒಟ್ಟಿಸಿ. ಮಳೆ ಬಿದ್ದಿದೆಯೇ ಎಂದು ಡಂಜನ್ ಮಾಸ್ಟರನ್ನು ಕೇಳುವುದನ್ನೂ ಮರೆಯಬೇಡಿ. ಹಸಿ ಎರಿ ಹೊಲದಲ್ಲಿ ನಡೆದವರಿಗೆ ಗೊತ್ತಿರುವಂತೆ ಕಾಲಿಗೊಂದು ಕಿಲೋ ಮಣ್ಣು ಮೆತ್ತಿಕೊಳ್ಳುತ್ತದೆ, ಅದನ್ನು ಕಷ್ಟದ ನೆಲವೆಂದು ಒಪ್ಪಿಸಿಕೊಂಡರೆ ವೈರಿಯ ವೇಗ ಅಲ್ಲಿಯೂ ಅರ್ಧವಾಗುತ್ತದೆ.

ಬೆಳಕಿನ ವಿಷಯದಲ್ಲಿ ಎಚ್ಚರವಿರಲಿ. ಗಾಬ್ಲಿನ್‌ಗಳಿಗೆ ಕತ್ತಲಲ್ಲಿ ಅರವತ್ತು ಅಡಿವರೆಗೆ ಕಣ್ಣು ಕಾಣುತ್ತದೆ, ಮನುಷ್ಯರಿಗೆ ಕಾಣುವುದಿಲ್ಲ. ಕೈಯಲ್ಲಿ ದೀವಟಿಗೆ ಹಿಡಿದು ನಿಂತರೆ ಬಿಲ್ಲಿನ ಗುರಿಗೆ ನೀವೇ ದೀಪ ಹಚ್ಚಿಕೊಟ್ಟಂತೆ. ಕಣಕಿಯ ಬಣವಿಗಳನ್ನು ಅಗಸಿಯಿಂದ ದೂರಕ್ಕೆ, ಅವು ಬರುವ ಹಾದಿಯಲ್ಲಿ ಒಟ್ಟಿಸಿ, ಹೊತ್ತಿಗೆ ಸರಿಯಾಗಿ ಬೆಂಕಿ ಇಕ್ಕಿ. ಅವು ಬೆಳಕಿನಲ್ಲಿ, ನೀವು ಕತ್ತಲಲ್ಲಿ.

ಒಕ್ಕಲುಮಕ್ಕಳನ್ನು ದಯಮಾಡಿ ಸಾಲಿನಲ್ಲಿ ನಿಲ್ಲಿಸಬೇಡಿ. ಅವರಿಗೆ ಇರುವುದು ತಲಾ 4 ಹಿಟ್ ಪಾಯಿಂಟ್. ಗಾಬ್ಲಿನ್‌ನ ಪೆಟ್ಟು 3ರಿಂದ 8. ಅವರು ಮಾಳಿಗೆಯ ಮೇಲೆ ನೀರಿನ ಕೊಡ ಇಟ್ಟುಕೊಂಡು ಬೆಂಕಿಯ ಬಾಣಗಳನ್ನು ಆರಿಸಲಿ, ಬೆಳಕಿಂಡಿಗಳಿಗೆ ಕಲ್ಲು ಮುಚ್ಚಲಿ, ಒಬ್ಬ ಹುಡೇವಿನ ಮೇಲೆ ಕಾವಲಿರಲಿ. ನಾಲ್ಕು ಜನ ಗಟ್ಟಿಗರನ್ನು ಬಾರಿಸುವ ಹಲಗೆ ಕೊಟ್ಟು ಮೊದಲೇ ಊರ ಆಚೆಯ ಹಳ್ಳದಲ್ಲಿ ಅಡಗಿಸಿ. ಯಾಕೆಂಬುದನ್ನು ಮೂರನೆಯ ಪ್ರಶ್ನೆಯ ಉತ್ತರದಲ್ಲಿ ನೋಡಿ.

ಗಾಬ್ಲಿನ್‌ಗಳಿಗೆ ನಾಯಕನೊಬ್ಬ ಇದ್ದೇ ಇರುತ್ತಾನೆ. ಅವನಿಗೆ ಬಾಣ ಬಿಟ್ಟರೆ ಪಕ್ಕದ ಗಾಬ್ಲಿನ್ನನ್ನು ಎಳೆದು ತನ್ನ ಜಾಗದಲ್ಲಿ ನಿಲ್ಲಿಸುವ ನೀಚ ವಿದ್ಯೆ ಅವನಿಗೆ ಗೊತ್ತು. ಸ್ಲೀಪ್ ಮಂತ್ರಕ್ಕೆ ಆ ವಿದ್ಯೆ ನಡೆಯುವುದಿಲ್ಲ. ಎಂಟು ಮುಖದ ಐದು ದಾಳಗಳ ಮೊತ್ತದಷ್ಟು ಹಿಟ್ ಪಾಯಿಂಟ್ ಇರುವವರನ್ನು ಅದು ಮಲಗಿಸುತ್ತದೆ, ಸರಾಸರಿ 22.5; ನಾಯಕನ ಹಿಟ್ ಪಾಯಿಂಟ್ 21. ಆದರೆ ಆ ಮಂತ್ರ ಕಡಿಮೆ ಹಿಟ್ ಪಾಯಿಂಟ್ ಇರುವವರಿಂದ ಮೊದಲುಗೊಳ್ಳುತ್ತದೆ. ಸುತ್ತ ಮೂರು ಗಾಬ್ಲಿನ್‌ಗಳಿದ್ದರೂ ಅವು ಮಲಗಿ ಅವನು ಎಚ್ಚರವಾಗಿಯೇ ಉಳಿಯುತ್ತಾನೆ. ಹಿಂಬಾಲಕರೆಲ್ಲ ಬಲೆಯತ್ತ ನುಗ್ಗಿ ಅವನೊಬ್ಬನೇ ಹಿಂದೆ ಉಳಿಯುವ ಗಳಿಗೆಗೆ ಕಾಯಿರಿ.

ಪ್ರಶ್ನೆ: ಸೋಲುವ ಸೂಚನೆ ಕಂಡ ಕೂಡಲೇ ನಮ್ಮ ರೋಗ್ ಓಡೋಣ ಎನ್ನುತ್ತಾನೆ. ನಮ್ಮ ಮಣ್ಣಿನವರು ಹೀಗೆ ಓಡಿದವರಲ್ಲ ಎಂದು ನಾನು ವಾದಿಸುತ್ತೇನೆ. ಯಾರದು ಸರಿ?
— ಓದುಗರು, ಮುಧೋಳ

ಉತ್ತರ: ನೀವು ಮುಧೋಳದವರಾದ್ದರಿಂದ ಹಲಗಲಿಯನ್ನೇ ನೆನೆಯುತ್ತಿದ್ದೀರಿ ಎಂದು ಊಹಿಸುತ್ತೇನೆ. 1857ರಲ್ಲಿ ಆಯುಧಗಳನ್ನು ಒಪ್ಪಿಸಬೇಕೆಂಬ ಕಾಯ್ದೆಗೆ ಮಣಿಯದ ಹಲಗಲಿಯ ಬೇಡರ ಕೆಚ್ಚಿನಲ್ಲಿ ಕೊರತೆಯಿರಲಿಲ್ಲ. ಊರನ್ನು ಸುತ್ತುವರಿದು ಬೆಂಕಿ ಹಚ್ಚಿದಾಗ ಹೊರಬೀಳುವ ದಾರಿ ಇರಲಿಲ್ಲ. ಅದೇ ಸೀಮೆಯ ಇನ್ನೊಂದು ನಿದರ್ಶನವನ್ನೂ ಪಕ್ಕದಲ್ಲಿಟ್ಟು ನೋಡಿ. ಕಿತ್ತೂರು ಬಿದ್ದ ಮೇಲೆ ಸಂಗೊಳ್ಳಿ ರಾಯಣ್ಣ ಚಿಕ್ಕ ಚಿಕ್ಕ ತಂಡಗಳಲ್ಲಿ ಕಂಪನಿಯ ಕಚೇರಿಗಳ ಮೇಲೆ ಬಿದ್ದು, ಪಡೆ ಬರುವಷ್ಟರಲ್ಲಿ ಕಾಡು ಸೇರುತ್ತಿದ್ದನು. ಕೊನೆಗೆ ಅವನು ಸೆರೆಯಾದದ್ದು ವಿಶ್ವಾಸದ್ರೋಹದಿಂದ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಲಾಯಿತು. ಅವನನ್ನು ಹೇಡಿ ಎಂದವರನ್ನು ನಾನು ಕಂಡಿಲ್ಲ.

ಆದರೆ ನಿಮ್ಮ ರೋಗ್‌ನ ಮಾತನ್ನೂ ನಾನು ಪೂರ್ತಿ ಒಪ್ಪುವುದಿಲ್ಲ, ಏಕೆಂದರೆ ಸೋಲು ಕಂಡ ಮೇಲೆ ಓಡುವುದು ಈ ಆಟದಲ್ಲಿ ಬಹಳ ಸಲ ಸಾಧ್ಯವೇ ಆಗುವುದಿಲ್ಲ. ಮನುಷ್ಯನ ವೇಗ ಸುತ್ತಿಗೆ 30 ಅಡಿ, ಗಾಬ್ಲಿನ್‌ನದೂ 30, ಕುಳ್ಳ ಡ್ವಾರ್ಫ್‌ನದು 25. ನಿಮ್ಮಲ್ಲೊಬ್ಬ ಡ್ವಾರ್ಫ್ ಇದ್ದರೆ ಅವನನ್ನು ಹಿಂದೆ ಬಿಟ್ಟೇ ಓಡಬೇಕು. ಒಬ್ಬ ನೆಲಕ್ಕೆ ಬಿದ್ದಿದ್ದರಂತೂ ಅವನನ್ನು ಎತ್ತಿಕೊಂಡು ಸಾಗುವಷ್ಟರಲ್ಲಿ ಇನ್ನೊಬ್ಬ ಬೀಳುತ್ತಾನೆ. ಆದುದರಿಂದ ಹಿಂದೆಗೆಯುವ ಸೂಚನೆಯನ್ನು ದಾಳ ಎಸೆಯುವ ಮೊದಲೇ ಗೊತ್ತುಮಾಡಿ, ಅದು ಎಣಿಸಬಹುದಾದ ಸೂಚನೆಯಾಗಿರಲಿ: ಕ್ಲೆರಿಕ್‌ನ ಕೊನೆಯ ಮಂತ್ರ ತೀರಿದಾಗ, ಅಥವಾ ಫೈಟರ್ 10ಕ್ಕೆ ಇಳಿದಾಗ. ವಿಝಾರ್ಡ್‌ನ ಎರಡನೆಯ ವೆಬ್ ಆ ಗಳಿಗೆಗೇ ಮೀಸಲು. ಬೆನ್ನ ಹಿಂದಿನ ಓಣಿಯನ್ನು ಬಲೆಯಿಂದ ಮುಚ್ಚಿದರೆ ಮೂರು ನಾಲ್ಕು ಸುತ್ತುಗಳಾದರೂ ಕೈಗೆ ಬರುತ್ತವೆ.

ಪ್ರಶ್ನೆ: ನಾನು ಶಾಲಾ ಶಿಕ್ಷಕಿ, ರಜೆಯಲ್ಲಿ ಅಕ್ಕನ ಮಕ್ಕಳು ಮತ್ತು ಅವರ ಗೆಳೆಯರಿಗೆ ಡಂಜನ್ ಮಾಸ್ಟರ್ ಆಗಿ ಆಡಿಸುತ್ತೇನೆ. ದೊಡ್ಡ ಪಡೆಯನ್ನು ಎದುರಿಗಿಟ್ಟರೆ ನಲವತ್ತು ದಾಳ ಎಸೆಯುವುದರಲ್ಲೇ ಮಧ್ಯಾಹ್ನ ಕಳೆದುಹೋಗುತ್ತದೆ, ಮೇಲಾಗಿ ಮಕ್ಕಳ ಪಾತ್ರಗಳೆಲ್ಲ ಸತ್ತು ಅವರು ಮುನಿಸಿಕೊಳ್ಳುತ್ತಾರೆ. ಕೈ ಸಡಿಲ ಬಿಟ್ಟು ಗೆಲ್ಲಿಸುವುದೂ ಮೋಸವೆನಿಸುತ್ತದೆ.
— ಓದುಗರು, ನವನಗರ, ಬಾಗಲಕೋಟೆ

ಉತ್ತರ: ದಾಳದ ತೊಂದರೆಗೆ ಪುಸ್ತಕದಲ್ಲಿಯೇ ಮದ್ದಿದೆ. ಗುಂಪಿನ ಹೊಡೆತಕ್ಕೆ ದಾಳವನ್ನೇ ಎಸೆಯದೆ, ತಗಲಲು ಎಷ್ಟು ಬೀಳಬೇಕು ಎಂಬುದನ್ನು ನೋಡಿ ಇಷ್ಟು ಜನರಿಗೆ ಒಂದು ಪೆಟ್ಟು ಎಂದು ಹಿಡಿಯುವ ಕೋಷ್ಟಕ ಅದು. 6ರಿಂದ 12 ಬೇಕಿದ್ದರೆ ಇಬ್ಬರಿಗೆ ಒಂದು, 13 ಅಥವಾ 14 ಬೇಕಿದ್ದರೆ ಮೂವರಿಗೆ ಒಂದು, 15 ಅಥವಾ 16 ಆದರೆ ನಾಲ್ವರಿಗೆ ಒಂದು. ಆರ್ಮರ್ ಕ್ಲಾಸ್ 18ರ ಫೈಟರ್‌ನ ಮೇಲೆ ಒಂಬತ್ತು ಗಾಬ್ಲಿನ್‌ಗಳು ಬಾಣ ಬಿಟ್ಟರೆ ಮೂರು ತಗಲಿದವು, ತಲಾ 5ರಂತೆ 15 ಕಳೆಯಿರಿ, ಮುಂದಕ್ಕೆ ಹೋಗಿ. ಮಕ್ಕಳು ಈ ಕೋಷ್ಟಕವನ್ನು ಬೇಗ ಬಾಯಿಪಾಠ ಮಾಡಿ ತಮ್ಮ ಯೋಜನೆಗೂ ಬಳಸುತ್ತಾರೆ, ಅದು ಒಳ್ಳೆಯದೇ.

ಎರಡನೆಯ ತೊಂದರೆಗೆ ನನ್ನ ಉತ್ತರ ಸ್ವಲ್ಪ ಉದ್ದ. ನೀವು ಕೈ ಸಡಿಲ ಬಿಡಬೇಕಾಗಿಲ್ಲ. ನಿಮ್ಮ ವೈರಿಗಳಿಗೆ ಪ್ರಾಣಭಯ ಕೊಟ್ಟರೆ ಸಾಕು. ಕೊನೆಯ ಗಾಬ್ಲಿನ್‌ವರೆಗೂ ಹೋರಾಡುವ ಪಡೆ ಕಥೆಗಳಲ್ಲಿಯೂ ಅಪರೂಪ, ಇತಿಹಾಸದಲ್ಲಂತೂ ಇನ್ನೂ ಅಪರೂಪ. 1565ರ ಜನವರಿಯಲ್ಲಿ ರಕ್ಕಸತಂಗಡಿಯ ಕಾಳಗದಲ್ಲಿ ವಿಜಯನಗರದ ಅಷ್ಟು ದೊಡ್ಡ ಸೈನ್ಯ ಚದುರಿಹೋದದ್ದು ಅಳಿಯ ರಾಮರಾಯ ಸೆರೆಸಿಕ್ಕು ಅವನ ತಲೆ ಉರುಳಿದ ಮೇಲೆ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ತೋಪುಗಳನ್ನು ಇಟ್ಟುಕೊಂಡು ಬಂದ ಕಲೆಕ್ಟರ್ ಥ್ಯಾಕರೆಯ ಪಡೆಯ ಮೇಲೆ ಒಳಗಿನವರು ಬಾಗಿಲು ತೆರೆದು ನುಗ್ಗಿದರು. ಥ್ಯಾಕರೆ ಗುಂಡೇಟಿಗೆ ಬಿದ್ದ ಮೇಲೆ ಆ ಪಡೆ ನಿಲ್ಲಲಿಲ್ಲ, ಇಬ್ಬರು ಅಧಿಕಾರಿಗಳು ಒತ್ತೆಯಾಳುಗಳಾದರು. ಎರಡೂ ಕಡೆ ಉಳಿದ ಸೈನಿಕರ ಸಂಖ್ಯೆ ಕಾಳಗವನ್ನು ತೀರ್ಮಾನಿಸಲಿಲ್ಲ.

ಆಟದಲ್ಲಿ ಇದಕ್ಕೆ ಐಚ್ಛಿಕ ನಿಯಮವೊಂದಿದೆ. ನಾಯಕ ಬಿದ್ದಾಗ, ಅಥವಾ ಗುಂಪಿನ ಅರ್ಧದಷ್ಟು ಮಂದಿ ಬಿದ್ದು ನಿಮ್ಮವರಿಗೆ ಏನೂ ಆಗದೆ ಇರುವಾಗ, ಗುಂಪಿನ ಪರವಾಗಿ ಒಂದು ವಿಸ್‌ಡಂ ಸೇವ್, ಅಂದರೆ ಮನಸ್ಸಿನ ಗಟ್ಟಿತನದ ಪರೀಕ್ಷೆಯ ದಾಳ, ಎಸೆಯಬೇಕು. 10 ಮುಟ್ಟದಿದ್ದರೆ ಗುಂಪು ಓಡುತ್ತದೆ ಅಥವಾ ಶರಣಾಗುತ್ತದೆ. ಗಾಬ್ಲಿನ್‌ಗೆ ಇಲ್ಲಿ ಒಂದು ಅಂಕ ಕಡಿತವಿರುವುದರಿಂದ ಸರಿಯಾಗಿ ಅರ್ಧಕ್ಕರ್ಧ ಸಾಧ್ಯತೆ. ಈ ನಿಯಮ ಜಾರಿಯಲ್ಲಿದೆ ಎಂಬುದನ್ನು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಹೇಳಿದ ಕೂಡಲೇ ಅವರ ಯೋಜನೆಯ ದಿಕ್ಕೇ ಬದಲಾಗುವುದನ್ನು ಕಾಣುವಿರಿ: ಎಷ್ಟು ಕೊಲ್ಲೋಣ ಎಂಬ ಮಾತು ನಿಂತು, ಹೇಗೆ ಹೆದರಿಸೋಣ ಎಂಬ ಮಾತು ಮೊದಲಾಗುತ್ತದೆ. ಟಿಳಕವಾಡಿಯ ವಿದ್ಯಾರ್ಥಿಗೆ ಹಳ್ಳದಲ್ಲಿ ಹಲಗೆಯವರನ್ನು ಅಡಗಿಸಲು ಹೇಳಿದ್ದು ಇದಕ್ಕೇ. ನಾಯಕ ನಿದ್ದೆಗೆ ಬಿದ್ದ ಅದೇ ಸುತ್ತಿನಲ್ಲಿ ಬೆನ್ನ ಹಿಂದಿನ ಕತ್ತಲಲ್ಲಿ ಹಲಗೆಯ ಸದ್ದು ಮೊಳಗಿದರೆ ಹೊಸ ಪಡೆ ಬಂತೆಂದೇ ಗಾಬ್ಲಿನ್‌ಗಳು ತಿಳಿಯುತ್ತವೆ. ನಾನು ಡಂಜನ್ ಮಾಸ್ಟರ್ ಆಗಿದ್ದರೆ ಅಲ್ಲಿಯೇ ಆ ದಾಳ ಎಸೆಯುತ್ತೇನೆ.

ಗೆದ್ದ ಮೇಲೆ ಮಕ್ಕಳು ಬೀಗಿದರೆ ಮುಂದಿನ ಕಥೆಗೆ ಕಿತ್ತೂರಿನಿಂದಲೇ ಎಳೆ ತೆಗೆದುಕೊಳ್ಳಿ. ಅಕ್ಟೋಬರ್‌ನಲ್ಲಿ ಓಡಿದ ಕಂಪನಿ ಡಿಸೆಂಬರ್‌ನಲ್ಲಿ ಹೆಚ್ಚಿನ ಪಡೆಯೊಂದಿಗೆ ಮರಳಿ ಬಂದು ಕೋಟೆಯನ್ನು ಹಿಡಿಯಿತು. ಓಡಿಹೋದ ಇಪ್ಪತ್ತು ಗಾಬ್ಲಿನ್‌ಗಳು ಯಾರ ಬಳಿ ಹೋಗಿ ದೂರು ಹೇಳಿದವು ಎಂಬುದು ನಿಮ್ಮ ಮುಂದಿನ ರಜೆಯ ಆಟ.

ಪ್ರಶ್ನೆ: ಯೋಜನೆ ಹಾಕುವುದಕ್ಕೇ ನಮಗೆ ಎರಡು ಗಂಟೆ ಹಿಡಿಯುತ್ತದೆ, ಮೊದಲ ದಾಳಕ್ಕೇ ಅದು ಮುರಿದುಬೀಳುತ್ತದೆ. ಕಳೆದ ವಾರ ವೈರಿಗಳ ಕೋಟೆಯೊಳಗೆ ನಾಲ್ವರೂ ಸದ್ದಿಲ್ಲದೆ ನುಸುಳಬೇಕಿತ್ತು. ಮೂವರು ದಾಟಿದೆವು, ನಾಲ್ಕನೆಯವನ ದಾಳ 3 ಬಿತ್ತು. ಅಷ್ಟೇ.
— ಓದುಗರು, ವಿಜಯಪುರ

ಉತ್ತರ: ಗೋಳಗುಮ್ಮಟದ ಗ್ಯಾಲರಿಯಲ್ಲಿ ಒಂದು ಪಿಸುಮಾತು ಎದುರು ಬದಿಗೆ ತಲಪುವುದನ್ನು ಕೇಳಿ ಬೆಳೆದ ಊರಿನವರು ಸದ್ದಿಲ್ಲದ ಯೋಜನೆಯನ್ನು ನಂಬಿದ್ದು ಸೋಜಿಗ! ತಮಾಷೆ ಇರಲಿ. ಲೆಕ್ಕ ಹೀಗಿದೆ: ಒಬ್ಬೊಬ್ಬರಿಗೂ ನೂರಕ್ಕೆ 65ರಷ್ಟು ಸಾಧ್ಯತೆ ಇದ್ದರೂ ನಾಲ್ವರೂ ದಾಟುವ ಸಾಧ್ಯತೆ 18 ಮಾತ್ರ. ನಿಮ್ಮ ನಾಲ್ಕನೆಯವನು ದುರದೃಷ್ಟವಂತನಲ್ಲ, ಯೋಜನೆಯೇ ಹಾಗಿತ್ತು. ಅದೇ ಕೆಲಸವನ್ನು ಗುಂಪಿನ ಪರೀಕ್ಷೆಯೆಂದು, ಅಂದರೆ ಅರ್ಧದಷ್ಟು ಮಂದಿ ಗೆದ್ದರೆ ಎಲ್ಲರೂ ಗೆದ್ದಂತೆ ಎಂಬ ನಿಯಮದಂತೆ ಎಸೆಯಲು ಡಂಜನ್ ಮಾಸ್ಟರ್ ಒಪ್ಪಿದ್ದರೆ ಸಾಧ್ಯತೆ 87 ಆಗುತ್ತಿತ್ತು. ಅವರು ಒಪ್ಪದಿದ್ದರೆ ಒಬ್ಬನನ್ನೇ ಒಳಗೆ ಕಳಿಸಿ, ಮೂವರು ಹೊರಗೆ ಉಳಿಯಿರಿ. ಯಾವುದೇ ಯೋಜನೆಯನ್ನು ಕೇಳಿದಾಗ ಅದರಲ್ಲಿ ‘ಆಮೇಲೆ’ ಎಂಬ ಮಾತು ಎಷ್ಟು ಸಲ ಬಂತು ಎಂದು ನಾನು ಎಣಿಸುತ್ತೇನೆ. ಎರಡಕ್ಕಿಂತ ಹೆಚ್ಚಾದರೆ ಆ ಯೋಜನೆಗೆ ಒಪ್ಪಿಗೆ ಕೊಡುವುದಿಲ್ಲ.

ಎರಡು ಗಂಟೆಯ ವಿಷಯಕ್ಕೆ ಬಂದರೆ, ಒಬ್ಬರು ಮತ್ತೊಬ್ಬರ ಪಾತ್ರಕ್ಕೆ ಬುದ್ಧಿ ಹೇಳುವುದರಲ್ಲಿಯೇ ಹೆಚ್ಚಿನ ಹೊತ್ತು ಹೋಗುತ್ತಿರಬೇಕು. ಚಹಾ ಒಲೆಯ ಮೇಲಿಟ್ಟು, ಅದು ಕುದಿಯುವಷ್ಟರಲ್ಲಿ ಪ್ರತಿಯೊಬ್ಬರೂ ತಮ್ಮ ಮೊದಲ ಸರದಿಯಲ್ಲಿ ತಾವು ಮಾಡುವುದನ್ನಷ್ಟೇ ಹೇಳಲಿ. ಯಾರ ಸರದಿ ಮೊದಲು ಎಂಬುದನ್ನು ದಾಳವೇ ನಿರ್ಧರಿಸುವುದರಿಂದ, ಅವನು ಮೊದಲು ಹೊಡೆದರೆ ನಾನು ಆಮೇಲೆ ಎಂಬಂಥ ಯೋಜನೆಗೆ ಬೆಲೆಯಿಲ್ಲ. ರೆಡಿ ಮಾಡಿಕೊಂಡು ಕಾಯುತ್ತೇನೆ ಎನ್ನುವ ವಿಝಾರ್ಡ್‌ಗಳಿಗೆ ಒಂದು ಎಚ್ಚರಿಕೆ: ಮಂತ್ರವನ್ನು ಹಾಗೆ ತಡೆಹಿಡಿಯುವುದಕ್ಕೂ ವೆಬ್‌ನಂತೆಯೇ ಏಕಾಗ್ರತೆ ಬೇಕು, ಅದನ್ನು ಒಂದು ಸಲಕ್ಕೆ ಒಂದೇ ಮಂತ್ರದ ಮೇಲೆ ಇಡಬಹುದು, ಆದುದರಿಂದ ವೆಬ್ ನಡೆಯುತ್ತಿರುವಾಗ ಇನ್ನೊಂದು ಮಂತ್ರವನ್ನು ರೆಡಿ ಮಾಡಿಕೊಂಡರೆ ಬಲೆ ಅಲ್ಲಿಯೇ ಮಾಯವಾಗುತ್ತದೆ. ಕಾಯುತ್ತಿದ್ದ ಸಂದರ್ಭ ಬರದೇ ಹೋದರೆ ಎರಡನೆಯ ಮಂತ್ರವೂ ವ್ಯರ್ಥ. ಇಂಥ ಒಂದು ಗಳಿಗೆಯಲ್ಲಿ ಹನ್ನೊಂದು ಗಾಬ್ಲಿನ್‌ಗಳು ಒಟ್ಟಿಗೆ ಬಿಡುಗಡೆಯಾದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಪ್ರಶ್ನೆ: ವೆಬ್ ಬಲೆಗೆ ಬೆಂಕಿ ಹಚ್ಚಿದರೆ ಅದರಲ್ಲಿ ಸಿಕ್ಕವರೆಲ್ಲ ಸುಟ್ಟುಹೋಗುವುದಿಲ್ಲವೇ?
— ಓದುಗರು, ಗೋಕಾಕ

ಉತ್ತರ: ಹೋಗುವುದಿಲ್ಲ. ಬಲೆ ಉರಿಯುತ್ತದೆ, ನಿಜ. ಆದರೆ ಬೆಂಕಿ ತಗಲಿದ ಐದಡಿಯ ಭಾಗ ಒಂದೇ ಸುತ್ತಿನಲ್ಲಿ ಉರಿದು ಮುಗಿಯುತ್ತದೆ, ಆ ಬೆಂಕಿಯಲ್ಲಿ ತನ್ನ ಸರದಿ ಮೊದಲಿಡುವವನಿಗೆ ಆಗುವ ಹಾನಿ ಎರಡು ನಾಲ್ಕು ಮುಖದ ದಾಳಗಳಷ್ಟು, ಸರಾಸರಿ 5. ಗಾಬ್ಲಿನ್ ಸಾಯಲು 7 ಬೇಕು. ಎರಡು ದಾಳ ಸೇರಿ 7 ಅಥವಾ 8 ಬೀಳುವುದು ಹದಿನಾರರಲ್ಲಿ ಮೂರು ಸಲ. ಉಳಿದ ಹದಿಮೂರು ಸಲ ಸುಟ್ಟ ಗಾಯದ, ಸಿಟ್ಟಿಗೆದ್ದ, ಕೈಕಾಲು ಬಿಡುಗಡೆಯಾದ ಗಾಬ್ಲಿನ್ ನಿಮ್ಮ ಮುಂದೆ ಇರುತ್ತದೆ. ಬಲೆಯಲ್ಲಿ ಸಿಕ್ಕಿಬಿದ್ದವನ ಮೇಲೆ ಬಿಡುವ ಪ್ರತಿ ಬಾಣಕ್ಕೂ ಎರಡು ದಾಳ ಎಸೆದು ಹೆಚ್ಚಿನದನ್ನು ಎಣಿಸಿಕೊಳ್ಳುವ ಅನುಕೂಲ ನಿಮಗಿದೆ, ಅದನ್ನು ಸುಟ್ಟುಕೊಳ್ಳಬೇಡಿ. ಒಂದು ಸಂದರ್ಭ ಮಾತ್ರ ಬೇರೆ: ಬಲೆ ಹಾಕುವ ಮೊದಲೇ ಅಲ್ಲಿನ ನೆಲಕ್ಕೆ ಎಣ್ಣೆ ಸುರಿದಿಟ್ಟಿದ್ದರೆ ಅದರ ಬೆಂಕಿಯಿಂದ ಇನ್ನೂ 5 ಅಂಕ ಕಳೆಯುತ್ತದೆ, ಎರಡು ಸೇರಿದರೆ ಗಾಬ್ಲಿನ್ ಉಳಿಯುವುದಿಲ್ಲ. ಒಂದು ಕುಪ್ಪಿ ಎಣ್ಣೆ ಒಂದೇ ಚೌಕಕ್ಕೆ ಸಾಲುತ್ತದೆ, ಬಲೆಗೆ ಹದಿನಾರು ಚೌಕ; ಸಂತೆಗೆ ಹೋಗುವ ಮುನ್ನ ನಿಮ್ಮ ಪಾತ್ರಗಳ ಕೈಚೀಲದಲ್ಲಿ ಎಷ್ಟು ದುಡ್ಡಿದೆ ನೋಡಿಕೊಳ್ಳಿ.